ಬೆಣ್ಣೆ ಹಚ್ಚಿದ ಪಾದಗಳು

ಮೊದಲೇ ಒಂದು ಕನ್ಫೆಷನ್ ಮಾಡಿಬಿಡುತ್ತೇನೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಾನು ಕಲಿತದ್ದರಲ್ಲಿ ಗಂಗಾವತಿಯ ಸಂಸಾರಕ್ಕೆ ಉಪಯೋಗ ಬಂದದ್ದು ಒಂದೇ ಪಾಠ: ಓಡಿಹೋಗುವ ಬೆಕ್ಕಿನ ಪಾದಕ್ಕೆ ಬೆಣ್ಣೆ ಹಚ್ಚಬೇಕು. ಅದನ್ನು ನೆಕ್ಕಿ ಮುಗಿಸುವಷ್ಟರಲ್ಲಿ ಬೆಕ್ಕಿಗೆ ಈ ಮನೆ ನನ್ನದೇ ಅನ್ನಿಸಿಬಿಡುತ್ತದಂತೆ. ಐರಿಷ್ ಸಿಸ್ಟರ್ ಒಬ್ಬರು ಹೇಳಿಕೊಟ್ಟದ್ದು. ನನ್ನನ್ನು ಮುಳುಗಿಸಿದ್ದೂ ಅದೇ ಪಾಠ.

ನಿಜಾಮರ ಕಾಲ. ಹದಿನೇಳು ತುಂಬುತ್ತಲೇ ಭತ್ತದ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ತವರಿನಿಂದ ತಂದದ್ದು ಒಂದು ಟ್ರಂಕು ಇಂಗ್ಲಿಷ್ ಪುಸ್ತಕ, ಮತ್ತೆ ಬುಟ್ಟಿಯಲ್ಲಿ ಡಚೆಸ್ ಎಂಬ ಬೂದು ಬೆಕ್ಕು. ಪುಸ್ತಕಗಳು ಅಟ್ಟ ಸೇರಿದವು, ನಾನು ಅಡುಗೆಮನೆ ಸೇರಿದೆ. ಹಬ್ಬದ ದಿನ ಗುಡಿಗೆ ಹೋಗುವುದು ಬಿಟ್ಟರೆ ಹೊಸ ಸೊಸೆ ಹೊಸ್ತಿಲು ದಾಟುವಂತಿರಲಿಲ್ಲ. ಡಚೆಸ್ ಮಾತ್ರ ಮೂರನೆಯ ದಿನವೇ ದಾಟಿದಳು.

ಪ್ರಾಚೀನ ಈಜಿಪ್ಟಿನವರು ಮನೆಯ ಬೆಕ್ಕು ಸತ್ತರೆ ಹುಬ್ಬು ಬೋಳಿಸಿಕೊಳ್ಳುತ್ತಿದ್ದರಂತೆ. ಓಡಿಹೋದರೆ ಏನು ಮಾಡುತ್ತಿದ್ದರೆಂದು ನಮ್ಮ ಹಿಸ್ಟರಿ ಪುಸ್ತಕದಲ್ಲಿ ಇರಲಿಲ್ಲ. ಗಂಗಾವತಿಯಲ್ಲಿ ಮಾತ್ರ ಅದಕ್ಕೊಂದು ರಿವಾಜು ಇತ್ತು. ಕರುವಾಗಲಿ ಬೆಕ್ಕಾಗಲಿ, ಮನೆಯ ಮೂಕಪ್ರಾಣಿ ಕಳೆದರೆ ಆ ಮನೆಯ ಹೆಂಗಸರು ಯಾವ ಓಣಿಗಾದರೂ ಹೋಗಬಹುದು, ಯಾರ ಅಂಗಳಕ್ಕಾದರೂ ಕಾಲಿಡಬಹುದು. ಯಾಕೆ ಬಂದಿರಿ ಎಂದು ಯಾರೂ ಕೇಳುವ ಹಾಗಿಲ್ಲ.

ನಮ್ಮತ್ತೆ ಗೌರವ್ವ ಬಹಳ ಸ್ಟ್ರಿಕ್ಟ್. ಅವರೇ ಅಂದು ಎದ್ದು ನಿಂತರು. “ಏನ್ ನೋಡ್ಕೋತ ನಿಂತಿ? ಸೆರಗ ಹೊದ್ಕೊ, ನಡಿ. ನಿನ್ ಬೆಕ್ಕು ನೀ ಗುರ್ತಾ ಹಿಡೀಬೇಕಲ್ಲ.”

ಹಾಗೆ ನಾನು ಗಂಗಾವತಿಯನ್ನು ಕಂಡೆ. ಕಲ್ಲುಗುಂಡುಗಳ ಗುಡ್ಡ, ಭತ್ತ ಕುಟ್ಟುವ ಅಂಗಳಗಳು, ಕಚೇರಿಯ ಮುಂದೆ ಉರ್ದುವಿನಲ್ಲಿ ಅರ್ಜಿ ಬರೆಯುವ ಮುನ್ಷಿ. ನೇಕಾರರ ಓಣಿಯ ನರಸಮ್ಮ ಮಗ್ಗ ನಿಲ್ಲಿಸಿ ನಗುತ್ತಿದ್ದಳು.

“ಏನ್ರಿ ಗೌರವ್ವ, ಇವತ್ತೂ ಹೋತೇನ್ರಿ ನಿಮ್ ಮೆಮ್‌ಸಾಬ್ ಬೆಕ್ಕು?”

“ಹೋತವ್ವಾ. ಕಾಲಿಗೆ ಗಾಲಿ ಕಟ್ಗೊಂಡ ಹುಟ್ಟೇತಿ ಅದು.”

“ಕುಂದರ್ರಿ, ನೀರ್ ಕುಡೀರಿ. ಬೆಕ್ಕೇನ್ ನಿಜಾಮರ ಸರಹದ್ದು ದಾಟಿ ಹೋಗ್ತೈತೇನು?”

ಕೂತರೆ ಒಂದು ತಾಸು. ಎಷ್ಟೋ ಸಲ ಡಚೆಸ್ ಎದುರಿನ ಗೋಡೆಯ ಮೇಲೇ ಕೂತಿರುತ್ತಿದ್ದಳು. ಅತ್ತೆ ಅದರ ಕೆಳಗೇ ಹಾದು ಇನ್ನೊಂದು ಓಣಿಗೆ ತಿರುಗುತ್ತಿದ್ದರು. ಪಾಪ, ಕಣ್ಣು ಮಂಜಾಗಿದೆ ಎಂದು ಮರುಗುತ್ತಿದ್ದೆ. ವಾರಕ್ಕೆ ಎರಡು ಸಲ ಓಡುವ ಬೆಕ್ಕಿನ ಮೇಲೆ ನನಗೆಷ್ಟು ಹೆಮ್ಮೆ ಎಂದು ಯಾರಿಗೂ ಹೇಳಲಿಲ್ಲ.

ಆಮೇಲೆ ಮಾವನವರ ಉಗ್ರಾಣಕ್ಕೆ ಇಲಿ ಬಿದ್ದವು. “ಚೀಲಾ ಎಲ್ಲಾ ಹರದ್ ಹಾಕ್ಯಾವ. ಆ ಬೆಕ್ಕಿಗೆ ಹಗ್ಗಾ ಕಟ್ರಿ,” ಎಂದರು. ನನ್ನ ಕಾನ್ವೆಂಟ್ ಜಂಬ ಎಲ್ಲಿತ್ತೋ, ಬಾಗಿಲ ಮರೆಯಿಂದಲೇ ಬಾಯಿಬಿಟ್ಟಿತು: “ಹಗ್ಗ ಬ್ಯಾಡ್ರಿ ಮಾವಾ, ಇದಕ್ಕೊಂದು ಸಿಂಪಲ್ ರೆಮೆಡಿ ಐತ್ರಿ.” ಅತ್ತೆ ನನ್ನನ್ನೇ ನೋಡಿದರು. ಆ ನೋಟದ ಅರ್ಥ ತಿಳಿಯಲು ಇಂಗ್ಲಿಷ್ ಸಾಲದು.

ಬೆಣ್ಣೆ ಹಚ್ಚಿದೆ. ದಿನವೂ ಹಚ್ಚಿದೆ. ಡಚೆಸ್ ನೆಕ್ಕಿದಳು, ಮಲಗಿದಳು, ದಪ್ಪಗಾದಳು, ಹೊಸ್ತಿಲ ಕಡೆ ತಿರುಗಿಯೂ ನೋಡಲಿಲ್ಲ. “ನಮ್ ಸೊಸಿ ಇಂಗ್ಲಿಷ್ ಕಲತಾಳ್ರಿ, ಬೆಕ್ಕು ಸೈತ ಮಾತು ಕೇಳ್ತೈತಿ,” ಎಂದು ಮಾವ ಬಜಾರಿನಲ್ಲೆಲ್ಲ ಹೇಳಿ ಬಂದರು. ನಾನು ಎರಡು ದಿನ ಉಬ್ಬಿದೆ. ಮೂರನೆಯ ದಿನ ಅಡುಗೆಮನೆಯ ಗೋಡೆ ನಾಲ್ಕೇ ಇವೆ ಎಂಬುದು ಕಣ್ಣಿಗೆ ಬಿತ್ತು. ಪಾದಕ್ಕೆ ಬೆಣ್ಣೆ ಹಚ್ಚಿಸಿಕೊಂಡವಳು ನಾನೇ. ಹೊರಗೆ ಹೋಗಲು ಇದ್ದ ಒಂದೇ ನೆಪಕ್ಕೆ ನನ್ನ ಕೈಯಾರೆ ಚಿಲಕ ಹಾಕಿದ್ದೆ. ಅತ್ತೆಯೂ ಒಳಗೇ ಉಳಿದರು. ಜೋಳ ಹಸನು ಮಾಡುತ್ತ ಕಿಟಕಿಯ ಕಡೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಗಂಡಸರು ಉಂಡು ಮಲಗಿದ್ದರು. ನೀರಿಗೆಂದು ಎದ್ದವಳು ಹಿತ್ತಿಲ ಬಾಗಿಲ ಬಳಿ ನಿಂತುಬಿಟ್ಟೆ. ಗೌರವ್ವನವರು ನೆಲದ ಮೇಲೆ ಕೂತು, ಡಚೆಸ್‌ಳನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಸೆರಗಿನಿಂದ ಅವಳ ನಾಲ್ಕೂ ಪಾದ ಒರೆಸುತ್ತಿದ್ದರು, ಬೆರಳು ಬೆರಳಿನ ಸಂದಿಯೂ ಬಿಡದೆ. ಬಾಗಿಲು ತೆಗೆದು ಮೆಲ್ಲಗೆ ನೂಕಿದರು. “ಹೋಗ ನಮ್ಮವ್ವಾ, ಸಾಕ್ ಮಾಡು ಈ ಸೋಗು.”

ನಾನು ಓಡಿ ಚಾಪೆಯ ಮೇಲೆ ಬಿದ್ದು ಕಣ್ಣು ಮುಚ್ಚಿದೆ. ಮರುಕ್ಷಣವೇ ಮನೆ ನಡುಗುವ ಕೂಗು: “ಏ ಹುಡುಗೀ, ಏಳ! ಬೆಕ್ಕು ಓಡಿ ಹೋತು!”

ಎಲ್ಲಿ ಓಡಿತ್ತು? ಬೆಣ್ಣೆ ತಿಂದು ಕೊಬ್ಬಿದ್ದ ಡಚೆಸ್ ನಮ್ಮ ಓಣಿಯ ತುದಿಯವರೆಗೂ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಮುಖ ತೊಳೆಯುತ್ತಿದ್ದಳು. ಅತ್ತೆ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆ ಕಣ್ಣಿನಲ್ಲಿ ಮಂಜು ಹೆಸರಿಗೂ ಇರಲಿಲ್ಲ.

“ಎಲ್ಲೂ ಕಾಣವಲ್ದಲ್ಲ?” ಎಂದರು.

ಮಾರಲ್ ಸೈನ್ಸಿನಲ್ಲಿ ನನಗೆ ಬೆಳ್ಳಿಯ ಮೆಡಲ್ ಬಂದಿತ್ತು. ಈಗಲೂ ಟ್ರಂಕಿನ ತಳದಲ್ಲಿದೆ, ಕಪ್ಪಾಗಿ. ಅದಕ್ಕಿಂತ ಹೆಚ್ಚು ಹೆಮ್ಮೆ ನನಗೆ ಅಂದು ಕೊಟ್ಟ ಉತ್ತರದ ಮೇಲೆ.

“ಇಲ್ರಿ ಅತ್ತೀ. ಎಲ್ಲೂ ಕಾಣವಲ್ದು.”

ಸೆರಗು ಸರಿಮಾಡಿಕೊಂಡು ಇಬ್ಬರೂ ಆನೆಗುಂದಿಯ ರಸ್ತೆಗೆ ತಿರುಗಿದೆವು. ಆ ಕಡೆ ನಾವು ಇನ್ನೂ ಹುಡುಕಿರಲಿಲ್ಲ.