ಖಾಲಿ ಮುಷ್ಟಿ

ಉದ್ಯಮಬಾಗದ ಎರಕದ ಫೌಂಡ್ರಿಯಲ್ಲಿ ನಾವೆಲ್ಲ ಕಾಕಾ ಎನ್ನುವ ಹಿರಿಯರೊಬ್ಬರು ಉಸುಕಿನ ಅಚ್ಚು ಕಟ್ಟುವವರು. ನಾನು ರಜೆಯ ಕಾಗದ ನೋಡುವ ಗುಮಾಸ್ತ. ಉಸುಕನ್ನು ಮುಷ್ಟಿಯಲ್ಲಿ ಹಿಂಡಿ, ಅಂಗೈ ಬಿಚ್ಚಿ ಹದ ನೋಡುವುದು ಅವರ ರೂಢಿ. ಬೆನ್ನುನೋವೆಂದು ರಜೆ ಹಾಕಿ ಎಂಟು ತಿಂಗಳಾಗಿತ್ತು. ಡಾಕ್ಟರ ಚೀಟಿ ಕೊಡಲು ಖಾನಾಪುರದಿಂದ ಬಂದಾಗಲೆಲ್ಲ ನನ್ನೆದುರು ಕೂತು ಖಾಲಿ ಮುಷ್ಟಿಯನ್ನೇ ಹಿಂಡಿ ಬಿಚ್ಚುತ್ತಿದ್ದರು. "ಬೆನ್ನಷ್ಟ ನೋಡ್ರಿ, ಬ್ಯಾರೆ ಏನಿಲ್ಲ," ಎನ್ನುತ್ತಿದ್ದರು.

ಒಮ್ಮೆ ನನ್ನ ಪೆನ್ನು ಕೆಳಗೆ ಬಿತ್ತು. ಅವರು ಸರಕ್ಕನೆ ಬಗ್ಗಿ ಎತ್ತಿಕೊಟ್ಟರು. ನಾನು ಅವರ ಬೆನ್ನನ್ನೇ ನೋಡಿದೆ.

"ಕಾಕಾ, ನಿದ್ದಿ ಬರ್ತೈತೇನ್ರಿ?" ಎಂದೆ.

"ಇಲ್ರಿ. ಸುಮ್‌ಸುಮ್ನ ಅಳು ಬರ್ತೈತಿ. ತಲಿ ಕೆಟ್ಟೈತಿ ಅಂತ ಸುದ್ದಿ ಆದ್ರ ಮಗಳ ಲಗ್ನ ಮುರದ ಹೋಗ್ತೈತ್ರಿ. ಬೆನ್ನಂತನ ಬರಕೋರಿ."

ಅವರು ಎತ್ತಿಕೊಟ್ಟ ಪೆನ್ನಿನಿಂದಲೇ ನಾನು ಆ ತಿಂಗಳೂ ‘ಬೆನ್ನುನೋವು’ ಎಂದು ಬರೆದೆ.