ಕರೆದರೆ ನಡುಗುವ ನಾಯಿಯೂ ಹೆಗಡೆ ಮಾಸ್ತರರೂ

ಹೆಗಡೆ ಮಾಸ್ತರರ ಅಂಗೈ ನಮ್ಮ ಮುಖಕ್ಕಿಂತ ಅಗಲವಾಗಿತ್ತು. ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವರು ಬೆತ್ತ ಹಿಡಿದು ಬಂದವರೇ ಅಲ್ಲ. “ಬೆತ್ತ ಎಂತಕ್ಕೆ? ದೇವರು ಕೈ ಕೊಟ್ಟಿಲ್ವಾ?” ಎನ್ನುತ್ತಿದ್ದರು. ಲೆಕ್ಕ ತಪ್ಪಿ ಬೆನ್ನಿಗೊಂದು ಬಿದ್ದರೆ ಊಟದ ಗಂಟೆ ಬಾರಿಸುವವರೆಗೂ ಉರಿ. ಅದೇ ಮನುಷ್ಯ ಪರೀಕ್ಷೆ ಹತ್ತಿರ ಬಂದಾಗ ದಡ್ಡರನ್ನೆಲ್ಲ ಮನೆಗೆ ಕರೆಸಿ, ಹೆಂಡತಿ ಸೀತಕ್ಕನ ಕೈಯಲ್ಲಿ ಅವಲಕ್ಕಿ ಕಲೆಸಿ ಕೊಡಿಸಿ, ಪುಕ್ಕಟೆ ಪಾಠ ಹೇಳುತ್ತಿದ್ದರು. ಪಕ್ಕದ ಮನೆಯವಳಾದ ನಾನು ಪೆಟ್ಟು, ಅವಲಕ್ಕಿ ಎರಡನ್ನೂ ತಿಂದಿದ್ದೇನೆ.

ತೊಂಬತ್ತರ ದಶಕದ ಕೊನೆಗೆ, ಅವರು ನಿವೃತ್ತರಾದ ವರ್ಷವೇ, ಹುಬ್ಬಳ್ಳಿ ರಸ್ತೆಯ ಒಂದು ಸಾಮಿಲ್ಲು ಮುಚ್ಚಿತು. ಮಾಲೀಕ, ವಾಚ್‌ಮನ್ ಎಲ್ಲರೂ ಹೋದರು. ಗೇಟಿಗೆ ಕಟ್ಟಿದ್ದ ಕಂದು ನಾಯಿ ಹಾಗೇ ಉಳಿಯಿತು. ಬೆಳಿಗ್ಗೆ ತಿರುಗಾಡಲು ಹೋದ ಮಾಸ್ತರರು ಅದನ್ನು ಕಂಡು, ಸರಪಳಿ ಬಿಚ್ಚಿ, ಎತ್ತಿಕೊಂಡೇ ಬಂದರು. ನಡೆಯುವ ತ್ರಾಣ ಅದಕ್ಕಿರಲಿಲ್ಲ.

ಹೊಟ್ಟೆ ತುಂಬಿದರೂ ನಾಯಿಯ ಹೆದರಿಕೆ ಹೋಗಲಿಲ್ಲ. ದಿನವಿಡೀ ಬಚ್ಚಲ ಒಲೆಯ ಮೂಲೆಯಲ್ಲಿ ಮುದುಡಿರುತ್ತಿತ್ತು. ಯಾರೂ ಇಲ್ಲದಾಗ ಬಂದು ಗಬಗಬ ತಿಂದು ಓಡುತ್ತಿತ್ತು. ವಿಚಿತ್ರವೆಂದರೆ, ಗದರಿದರೆ ಸುಮ್ಮನೆ ದೂರ ಹೋಗುತ್ತಿದ್ದ ನಾಯಿ ಪ್ರೀತಿಯಿಂದ ಕರೆದರೆ ನಡುಗಿ, ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಮಾಸ್ತರರು ಬಿಡುವವರಲ್ಲ. ಬಿಸ್ಕೀಟು ಹಿಡಿದು, ಬಗ್ಗಿ, “ಬಾ, ಬಾ ಮಗಾ” ಎನ್ನುತ್ತ ಮೂಲೆಯವರೆಗೂ ಹೋದರು. ನಾಯಿ ಅವರ ಮುಂಗೈ ಕಚ್ಚಿತು.

ಓಣಿಯವರು ಹುಚ್ಚು ಹಿಡಿದಿದೆ, ಕೊಲ್ಲಿಸಿ ಎಂದರು. ನಮ್ಮಪ್ಪನೂ ಬೇಲಿಯಾಚೆಯಿಂದ ಅದನ್ನೇ ಹೇಳಿದ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮಾಡಿಸಿಕೊಂಡು ಬಂದ ಮಾಸ್ತರರು ಅಪ್ಪನಿಗೆ ಅಂದರು: “ಹುಚ್ಚಲ್ದೋ ಮಾರಾಯ, ಇದು ಹೆದರಿಕೆ. ಎಂತಕ್ಕೆ ಹೆದರ್ತು ಹೇಳಿ ತಿಳಿಯದ್ದೆ ಕೊಲ್ಲಲೆ ಆಗ್ತಿಲ್ಲೆ.”

ಆ ಸಾಮಿಲ್ಲಿಗೆ ದಿಮ್ಮಿ ಸಾಗಿಸುತ್ತಿದ್ದ ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್ ಒಬ್ಬನನ್ನು ಅವರೇ ಹುಡುಕಿ ಮನೆಗೆ ಕರೆತಂದರು. ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತ ಅವನು ಹೇಳಿದ: “ಆ ವಾಚ್‌ಮನ್ ಭಾಳ ಪ್ರೀತೀಲೆ ‘ಬಾರೋ ರಾಜಾ’ ಅಂತ ಕರೀತಿದ್ದ ನೋಡ್ರಿ. ಬಾಲ ಅಲ್ಲಾಡಿಸ್ಕೋತ ಹತ್ರ ಬಂತಂದ್ರ ಬೆಲ್ಟ್ ಬಿಚ್ಚಿ ಬಾರಸ್ತಿದ್ದ. ಕುಡದಾಗ ಅದೊಂದು ಆಟ ಆಗಿತ್ರಿ ಅವಗ.”

ಮರುದಿನದಿಂದ ಮಾಸ್ತರರು ನಾಯಿಯನ್ನು ಕರೆಯುವುದನ್ನೇ ನಿಲ್ಲಿಸಿದರು. ಹೆಸರನ್ನೂ ಇಡಲಿಲ್ಲ. ಅನ್ನ ಹಾಕಿಟ್ಟು, ಅದಕ್ಕೆ ಬೆನ್ನು ಮಾಡಿ ಕೂತು ಪೇಪರು ಓದುತ್ತಿದ್ದರು. ಇದೆಂಥ ನಾಯಿ ಸಾಕುವ ರೀತಿ ಎಂದು ಸೀತಕ್ಕ ನಕ್ಕರೆ, “ಇಷ್ಟು ದಿನ ಕರೆದವನೇ ಹೊಡದ್ದ. ಇನ್ನು ಅದು ತಾನಾಗಿ ಬರವು” ಎನ್ನುತ್ತಿದ್ದರು. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ, ಒಂದು ಮಧ್ಯಾಹ್ನ ನಾಯಿ ಹೊರಗೆ ಬಂದು, ಅವರ ಬೆನ್ನಿಗೆ ಬೆನ್ನು ತಾಗಿಸಿ ಮಲಗಿತು. ಮಾಸ್ತರರು ಅಲುಗಲಿಲ್ಲ. ಓದಿ ಮುಗಿದ ಪುಟವನ್ನೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಕಣ್ಣಲ್ಲಿ ನೀರಿತ್ತು.

ಕಥೆ ಅಷ್ಟಕ್ಕೇ ಮುಗಿದಿದ್ದರೆ ಅವರೊಬ್ಬ ಪ್ರಾಣಿಪ್ರಿಯರೆಂದು ಮಾತ್ರ ನಾನು ನೆನೆಯುತ್ತಿದ್ದೆನೇನೋ. ಕೆಲವು ವರ್ಷಗಳ ನಂತರ ಅವರ ಹಳೆಯ ವಿದ್ಯಾರ್ಥಿ ಶಾಂತಾರಾಮ ಮಗಳ ಮದುವೆಗೆ ಕರೆಯಲು ಬಂದ. ಶಿರಸಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಹೆಸರು ಮಾಡಿದವನು, ತಲೆಯೆಲ್ಲ ನರೆತಿತ್ತು. ನಾನೂ ಅಲ್ಲೇ ಇದ್ದೆ. ಸಂತೋಷದಿಂದ ಎದ್ದ ಮಾಸ್ತರರು ಅವನ ಹೆಗಲು ತಟ್ಟಲೆಂದು ಕೈ ಎತ್ತಿದರು. ಶಾಂತಾರಾಮ ತಟ್ಟನೆ ತಲೆ ತಗ್ಗಿಸಿ ಮೊಣಕೈ ಅಡ್ಡ ಹಿಡಿದ. ಮರುಕ್ಷಣ ಅವನೇ ನಕ್ಕು, “ಹಳೇ ಅಭ್ಯಾಸ ಸರ್” ಎಂದ. ನಾವೂ ನಕ್ಕೆವು. ಮಾಸ್ತರರು ನಗಲಿಲ್ಲ. ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದರು.

ಅವನು ಹೋದ ಮೇಲೆ ನನ್ನನ್ನು ಕೇಳಿದರು: “ಕೂಸೇ, ನೀನೂ ಹೀಂಗೇ ಹೆದರ್ತಿದ್ಯ?”

ಸುಳ್ಳು ಹೇಳಬಹುದಿತ್ತು. “ಹೌದು ಸರ್. ನಿಂಗ ಹತ್ರ ಬಂದ್ರೆ ಗೊತ್ತಿದ್ದ ಲೆಕ್ಕವೂ ಮರ್ತು ಹೋಗ್ತಿತ್ತು” ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು.

ನಾಯಿ ಮುದಿಯಾಗಿ ಸತ್ತಿತು. ಕೊನೆಯವರೆಗೂ ಅದಕ್ಕೆ ಬೇರೆಯವರು ಬಂದರೆ ಆಗುತ್ತಿರಲಿಲ್ಲ. ಮರುವರ್ಷ ಮಾಸ್ತರರೂ ಹೋದರು. ಮದುವೆಯಾಗಿ ಉಮ್ಮಚಗಿಯಲ್ಲಿದ್ದ ನಾನು ಹದಿಮೂರನೆಯ ದಿನದ ಊಟಕ್ಕೆ ಬಂದಾಗ ಶಾಂತಾರಾಮ ಸಿಕ್ಕಿದ. ಕೈ ತೊಳೆದು ಅಂಗಳದಲ್ಲಿ ನಿಂತಾಗ ತಾನಾಗಿಯೇ ಹೇಳತೊಡಗಿದ.

ಅವನು ಮಗಳ ಮದುವೆಗೆ ಕರೆದು ಹೋದ ಮರುವಾರವೇ ಮಾಸ್ತರರು ಬಸ್ಸು ಹತ್ತಿ ಅವನ ಅಂಗಡಿಗೆ ಹೋಗಿದ್ದರಂತೆ. ಗಿರಾಕಿಗಳು ಖಾಲಿಯಾಗುವವರೆಗೆ ಸ್ಟೂಲಿನ ಮೇಲೆ ಕಾದು ಕೂತು, “ನಿನ್ನನ್ನ ಹೊಡೆದಿದ್ದು ತಪ್ಪಾಯ್ತು, ಶಾಂತಾರಾಮ” ಎಂದರಂತೆ.

“ನಂಗೆ ನಾಚಿಕೆ ಆಗೋಯ್ತು” ಎಂದ ಶಾಂತಾರಾಮ. “‘ಎಂತ ಮಾತು ಸರ್, ನೀವು ಹೊಡೆದಿದ್ದಕ್ಕೇ ನಾನು ಉದ್ಧಾರ ಆದೆ’ ಅಂದೆ. ಎಲ್ಲರೂ ಹಾಗೇ ಹೇಳೋದಲ್ವಾ? ಅದಕ್ಕೆ ಅವರು, ‘ಹೊಡೆದಿದ್ದಕ್ಕೆ ಅಲ್ಲ ಮಾರಾಯ, ಹೊಡೆದ್ರೂ ನೀನು ಉದ್ಧಾರ ಆದೆ’ ಅಂದ್ರು.”

ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, “ಆ ಮಾತನ್ನ ಯಾರಾದ್ರೂ ಹೇಳ್ಲಿ ಅಂತ ಒಳಗೆ ಕಾಯ್ತಾ ಇದ್ದೆ ಅಂತ ನಂಗೇ ಗೊತ್ತಿರ್ಲಿಲ್ಲ” ಎಂದ.