ಡ್ರಾಯಿಂಗ್ ಟೀಚರೂ ಅಮ್ಮನ ಹಂಡೆಯೂ

ಡ್ರಾಯಿಂಗ್ ಟೀಚರ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ನೀಲಿ ಬಣ್ಣ ಕೂತಿರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು ಎಂದು ಅವರೇ ನಗುತ್ತಿದ್ದರು. ಆ ಬೆರಳುಗಳನ್ನು ಹಿಡಿದುಕೊಂಡು ನನ್ನ ಅಮ್ಮ ಕೂತಿರುವುದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಹುಡುಕುವ ಅಗತ್ಯ ನನಗಿಲ್ಲ.

ಐವತ್ತರ ದಶಕದ ಕೊನೆ. ತಮಿಳು ಸೀಮೆಯ ಪಲ್ಲಾವರಂನ ಒಂದು ವಠಾರದಲ್ಲಿ ನಾವಿದ್ದೆವು. ನಾವು ಉಡುಪಿ ಕಡೆಯವರು. ಯಜಮಾನರು ಪ್ಯಾರೀಸ್ ಕಾರ್ನರಿನ ಹೋಟೆಲೊಂದರಲ್ಲಿ ಮ್ಯಾನೇಜರು. ಪಕ್ಕದ ಮನೆಯಲ್ಲಿ ಟೀಚರು. ಮೈಸೂರು ಕಡೆಯವರು, ಗಂಡ ರೈಲ್ವೆಯಲ್ಲಿ, ಆಕೆ ಹುಡುಗಿಯರ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಊರಿನಿಂದ ಕರೆತಂದೆವು. ಸ್ನಾನದ ತಾಮ್ರದ ಹಂಡೆಯನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ಬಂದ ಸ್ವಲ್ಪ ಕಾಲಕ್ಕೇ ಮರೆವು ಹತ್ತಿತು. ಉಂಡದ್ದು ಮರೆತಳು, ಬಚ್ಚಲ ದಾರಿ ಮರೆತಳು, ಕೊನೆಗೆ ನನ್ನನ್ನೂ ಮರೆತಳು. "ಅರಳು ಮರಳು, ಮದ್ದಿಲ್ಲ" ಎಂದುಬಿಟ್ಟರು ಡಾಕ್ಟರು.

ನಾನು ಬಿಡಲಿಲ್ಲ. ಕಾಫಿ ಕೊಡುವಾಗ, ತಲೆ ಬಾಚುವಾಗ "ನಾನು ಯಾರು ಹೇಳು ಅಮ್ಮ?" ಎಂದು ಕೇಳುತ್ತಲೇ ಇದ್ದೆ. ಅವಳು ಹೆದರಿದ ಕಣ್ಣಿನಿಂದ ನೋಡಿ, "ಎಂತದೋ, ಗೊತ್ತಾಗುದಿಲ್ಲ" ಎಂದು ಸೆರಗು ಹಿಂಡುತ್ತಿದ್ದಳು.

ಟೀಚರು ಏನನ್ನೂ ಕೇಳುತ್ತಿರಲಿಲ್ಲ. ಶಾಲೆಯಿಂದ ಬಂದವರೇ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಸಿ, ಬಣ್ಣದ ಬಟ್ಟಲು ಇಟ್ಟು, ಬೇಕೆಂದೇ ಒಂದು ಬಳ್ಳಿಯನ್ನು ಸೊಟ್ಟಗೆ ಬರೆಯುತ್ತಿದ್ದರು. "ಏನ್ ಮಾಮಿ, ಇದ್ಯಾಕೋ ಸರಿಯಾಗ್ಲಿಲ್ಲ, ಕೊಂಚಂ ನೋಡಿ."

ಅಮ್ಮ ಕುಂಚ ಕಿತ್ತುಕೊಳ್ಳುತ್ತಿದ್ದಳು. "ಹೀಗಾ ಮಾರಾಯ್ತಿ ಬಳ್ಳಿ ಬರೆಯುದು? ಎಲೆ ಎಲ್ಲಿ ಉಂಟು?" ಬೈಯುತ್ತ, ನಗುತ್ತ ದೀಪ ಹಚ್ಚುವವರೆಗೂ ಬರೆಯುತ್ತಿದ್ದಳು. ಅಂಥ ದಿನ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಬರಬರುತ್ತ ಟೀಚರನ್ನು "ಮಗಾ" ಎಂದು ಕರೆಯತೊಡಗಿದಳು. ಬಟ್ಟೆ ಒಗೆಯುವವಳು ನಾನು, ಮಗಳು ಅವರು!

ಒಮ್ಮೆ ತಡೆಯಲಾರದೆ ಟೀಚರಿಗೆ ಅಂದೇಬಿಟ್ಟೆ: "ನಿಮ್ಮ ಅದೃಷ್ಟ, ಚಾಕರಿ ಮಾಡದೆಯೇ ಅಮ್ಮ ಸಿಕ್ಕಿದ್ರು."

ಅವರು ಕುಂಚ ತೊಳೆಯುತ್ತಲೇ ಅಂದರು: "ನೀವು ದಿನಾ ಪರೀಕ್ಷೆ ಇಡ್ತೀರ. ಪಾಪ, ಫೇಲಾಗಿ ಫೇಲಾಗಿ ಸುಸ್ತಾಗಿದ್ದಾರೆ. ನೆನಪಿದ್ಯಾ ಅಂತ ಕೇಳ್ಬೇಡಿ. ಕೈಗೆ ಏನಾದ್ರೂ ಕೊಡಿ."

ಒಂದಷ್ಟು ದಿನ ಅವರೊಡನೆ ಮಾತು ಬಿಟ್ಟೆ. ಪರೀಕ್ಷೆಯನ್ನೂ ಬಿಟ್ಟೆ, ಅದು ಬೇರೆ ವಿಷಯ.

ದೀಪಾವಳಿಯ ಮುನ್ನಾದಿನ ನೀರು ತುಂಬುವ ಹಬ್ಬ. ನಮ್ಮ ಕಡೆ ಅಂದು ಹಂಡೆ ಬೆಳಗಿ, ಶೇಡಿ ಎಂಬ ಬಿಳಿಮಣ್ಣು ಕಲಸಿ, ಅದರ ಮೈಮೇಲೆ ಚಿತ್ತಾರ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಗೆರೆ ಎಳೆಯುವುದು ತಾಯಿ, ಗೆರೆಗಳ ನಡುವೆ ಬೆರಳದ್ದಿ ಬೊಟ್ಟು ಇಡುವುದು ಮಗಳು. ಆ ವರ್ಷ ಟೀಚರೇ ಸಂತೆಯಿಂದ ಬಿಳಿಮಣ್ಣು ತಂದರು. ಮಧ್ಯಾಹ್ನ ಬಚ್ಚಲ ಮುಂದೆ ಕೂತು ಅಮ್ಮ ಎಲ್ಲೂ ತಡವರಿಸದೆ ಗೆರೆ ಎಳೆದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಮುಗಿದ ಮೇಲೆ ಬಟ್ಟಲನ್ನು ಟೀಚರ ಕಡೆ ಚಾಚಿದಳು. "ಬೊಟ್ಟು ಇಡು ಮಗಾ."

ಅದೊಂದನ್ನಾದರೂ ನನಗೆ ಉಳಿಸಬಾರದಿತ್ತೇ?

ಟೀಚರು ನೀಲಿ ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು. "ನನಗೆ ಬರಲ್ಲ ಮಾಮಿ" ಎಂದರು, ಊರ ಹುಡುಗಿಯರಿಗೆಲ್ಲ ಚಿತ್ರ ಕಲಿಸುವವರು! ಎದ್ದು ನನಗೆ ಜಾಗ ಬಿಟ್ಟರು. ನಾನು ಕೂತು ಒಂದು ಬೊಟ್ಟು ಇಟ್ಟೆ. ಅದು ಹರಡಿಕೊಂಡು ಕೆಳಗಿಳಿಯಿತು. ಅಮ್ಮ ನನ್ನ ಕೈಮೇಲೆ ಪಟ್ಟನೆ ಹೊಡೆದಳು.

"ನಿನ್ನ ಬೊಟ್ಟು ಯಾವಾಗ್ಲೂ ದಪ್ಪ! ಎಷ್ಟು ಸಲ ಹೇಳುದು ನಿಂಗೆ? ಬೆರಳು ಕೊಡವಿ ಇಡು."

ಹೆಸರು ಹೇಳಲಿಲ್ಲ, ಹೇಳದಿದ್ದರೆ ಬಿಡಲಿ. ಚಿಕ್ಕಂದಿನಿಂದ ಆ ಬೈಗುಳ ತಿಂದವಳು ನಾನೊಬ್ಬಳೇ.

ಮುಂದಿನ ಬೇಸಿಗೆಯಲ್ಲಿ ಅಮ್ಮ ಹೋದಳು. ಟೀಚರು ನನಗಿಂತ ಜೋರಾಗಿ ಅತ್ತರು. ಅದಕ್ಕೂ ನನಗೆ ಸಿಟ್ಟು ಬಂದಿತ್ತು.

ಅರವತ್ತರ ದಶಕದ ಕೊನೆಗೆ ಟೀಚರು ಪೋರೂರಿನ ಮಗನ ಮನೆಯಲ್ಲಿ ತೀರಿಕೊಂಡರು. ನಾನು ಹೋದಾಗ ಅಂಗಳದ ತುಂಬ ಗುರುತಿಲ್ಲದ ಮುದುಕಿಯರು. ಅಲ್ಲಿಯೂ ಅವರು ಮರೆವು ಹತ್ತಿದವರನ್ನು ಕೂರಿಸಿಕೊಂಡು ಬಣ್ಣ ಹಚ್ಚಿಸುತ್ತಿದ್ದರಂತೆ. ಒಬ್ಬ ಅಜ್ಜಿ ಅವರ ಬಲಗೈ ಹಿಡಿದು, ಉಗುರಿನ ನೀಲಿಯನ್ನು ಸವರುತ್ತ, "ಎನ್ ಪೊಣ್ಣು, ಎನ್ ಪೊಣ್ಣು" ಎಂದು ಅಳುತ್ತಿದ್ದಳು. ನನ್ನ ಮಗಳು, ನನ್ನ ಮಗಳು ಎಂದು.

ನನ್ನ ಹೊಟ್ಟೆ ಮತ್ತೆ ಉರಿಯಿತು. ಜನರನ್ನು ಸರಿಸಿಕೊಂಡು ಆಚೆ ಬದಿಗೆ ಹೋಗಿ ಕೂತೆ, ಅವರ ಎಡಗೈಯನ್ನು ಹಿಡಿದುಕೊಂಡೆ. ಆ ಅಜ್ಜಿಗಿಂತ ಮೊದಲು ಟೀಚರು ನಮ್ಮ ಮನೆಯ ಮಗಳಾಗಿದ್ದರು.